ನೋಡಿದ್ದಕ್ಕೂ ದುಡ್ಡಾ?

ಮೊದಲೇ ಹೇಳಿಬಿಡ್ತೀನಿ, ಈ ಬರಹದಲ್ಲಿ ಬೈಸಿಕೊಳ್ಳೋರಲ್ಲಿ ನಾನೂ ಒಬ್ಬ. ಓದ್ತಾ ಓದ್ತಾ ಕೋಪ ಬಂದ್ರೆ ಅರ್ಧ ನನ್ನ ಮೇಲೆ ಹಾಕಿ, ಉಳಿದರ್ಧ ನೀವಿಟ್ಕೊಳ್ಳಿ.

ನನ್ನ ಸೋದರಮಾವನ ಹತ್ರ ಒಂದು ಪಿಕಪ್ ಇದೆ. ಹದಿನೆಂಟು ವರ್ಷದ್ದು, ಹಳದಿ ಬೋರ್ಡು, ಮುಂದೆ ಎಲೆ ಸ್ಪ್ರಿಂಗು, ಪವರ್ ಸ್ಟಿಯರಿಂಗ್ ಅನ್ನೋ ಐಷಾರಾಮ ಇಲ್ಲದ್ದು. ನಂಜನಗೂಡಿನ ಆಚೆಯ ಊರಿಂದ ವಾರಕ್ಕೆ ಮೂರು ದಿನ ಬಾಳೆಗೊನೆ ತುಂಬ್ಕೊಂಡು ಬಂಡಿಪಾಳ್ಯದ ಎಪಿಎಂಸಿಗೆ ಬರ್ತಾರೆ. ನಾನು ಹೆಬ್ಬಾಳದ ಕಡೆ ಐಟಿ ಕೆಲಸದವನು. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋಗಿದ್ದವನು ವಾಪಸ್ ಬರೋವಾಗ ಬೆಳಗಿನ ಜಾವ ಅವರ ಪಕ್ಕ ಕೂತ್ಕೊಂಡು ಬಂದೆ.

ಹಳೇ ಸಿನಿಮಾದಲ್ಲಿ ಹೀರೋ ಕಾರು ಓಡಿಸೋ ಸೀನ್ ನೆನಪಿದ್ಯಾ? ಹಿಂದೆ ಪರದೆ ಮೇಲೆ ರಸ್ತೆ ನೆಟ್ಟಗೆ ಓಡ್ತಿರುತ್ತೆ, ಇವನು ಮಾತ್ರ ಸ್ಟಿಯರಿಂಗನ್ನ ಆ ಕಡೆ ಈ ಕಡೆ ತಿರುಗಿಸ್ತಾನೇ ಇರ್ತಾನೆ. ಮಾವ ಹಾಗೇ ಓಡಿಸ್ತಿದ್ರು. ಮೊದಲು ನಗು ಬಂತು. ಕಡಕೊಳ ದಾಟಿದ ಮೇಲೆ ಪಕ್ಕದಿಂದ ಒಂದು ಬಸ್ಸು ಜೋರಾಗಿ ಓವರ್‌ಟೇಕ್ ಮಾಡಿತು. ಅದರ ಗಾಳಿಗೆ ನಮ್ಮ ಗಾಡಿ ಒಂದ್ಸಲ ಬಸ್ಸಿನ ಕಡೆ ವಾಲಿತು, ಮಾವ ತಿರುಗಿಸಿದ್ರು, ಗಾಡಿ ಒಂದು ಕ್ಷಣ ಕೇಳಲೇ ಇಲ್ಲ, ಆಮೇಲೆ ಒಮ್ಮೆಲೇ ಕೇಳಿ ಎಡಗಡೆ ಮಣ್ಣಿಗೆ ಹೋಯ್ತು. ನಗು ನಿಂತುಹೋಯ್ತು. ‘ಏನ್ ಮಾವ ಇದು?’ ಅಂದ್ರೆ, ‘ಹಳೇ ಗಾಡಿ ಅಲ್ವೇನಪ್ಪಾ, ಹಂಗೇ ಇರುತ್ತೆ’ ಅಂದ್ರು.

ನನಗೆ ಮೈಯುರಿಯೋದು ಈ ಮಾತಿಗೇ. ಹಂಗೇ ಇರಲ್ಲ ಸ್ವಾಮಿ. ಸ್ಟಿಯರಿಂಗ್ ಸಡಿಲ ಆಗೋದು ವಯಸ್ಸಿನಿಂದ ಕೂದಲು ಬೆಳ್ಳಗಾದ ಹಾಗಲ್ಲ. ಸ್ಟಿಯರಿಂಗ್ ಚಕ್ರದಿಂದ ಮುಂದಿನ ಟೈರಿನ ತನಕ ಒಂದು ಸರಪಳಿ ಇದೆ. ಕಾಲಮ್ಮು, ಅದರ ಜಾಯಿಂಟು, ಸ್ಟಿಯರಿಂಗ್ ಬಾಕ್ಸು, ಬಾಕ್ಸಿನಿಂದ ಹೊರಗೆ ಬರೋ ಪಿಟ್‌ಮನ್ ಆರ್ಮು, ಡ್ರ್ಯಾಗ್ ಲಿಂಕು, ಎರಡು ಚಕ್ರಗಳನ್ನ ಜೋಡಿಸೋ ಟೈ ರಾಡು, ಚಕ್ರ ತಿರುಗೋಕೆ ಆಧಾರವಾಗಿರೋ ಕಿಂಗ್‌ಪಿನ್ನು. ಹಳೇ ವಿಲ್ಲೀಸ್ ಮಾದರಿಯ ಜೀಪಾದ್ರೆ ಮಧ್ಯದಲ್ಲಿ ಬೆಲ್ ಕ್ರ್ಯಾಂಕ್ ಅನ್ನೋದು ಇನ್ನೊಂದು. ಈ ಸರಪಳಿಯಲ್ಲಿ ಎಲ್ಲೋ ಒಂದೆರಡು ಕೊಂಡಿ ಸವೆದಿರುತ್ತೆ, ಉಳಿದವು ಚೆನ್ನಾಗೇ ಇರ್ತವೆ. ಯಾವ ಕೊಂಡಿ ಅಂತ ಕಂಡುಹಿಡಿಯೋಕೆ ಬೇಕಾದ್ದು ಇಬ್ಬರು ಮನುಷ್ಯರು, ಒಂದು ಟಾರ್ಚು, ಹತ್ತು ಹದಿನೈದು ನಿಮಿಷ. ಈ ಹದಿನೈದು ನಿಮಿಷವನ್ನ ಯಾರೂ ಮಾಡಲ್ಲ ಅನ್ನೋದೇ ನನ್ನ ತಕರಾರು. ಯಾಕೆ ಮಾಡಲ್ಲ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮಾವ ಸುಮ್ಮನೇನೂ ಕೂತಿರಲಿಲ್ಲ. ಮೂರು ಸಲ ರಿಪೇರಿ ಮಾಡಿಸಿದ್ರು. ಮೊದಲನೇ ಕಡೆ ಗಾಡಿ ನಿಲ್ಲಿಸಿದ ತಕ್ಷಣ ಹುಡುಗ ಬಾನೆಟ್ ಎತ್ತಿ, ಸ್ಟಿಯರಿಂಗ್ ಬಾಕ್ಸ್ ಮೇಲಿರೋ ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸಿ, ‘ಟೈಟ್ ಆಯ್ತು ಅಣ್ಣ’ ಅಂದ. 250 ರೂಪಾಯಿ. ಒಂದು ವಾರ ಚೆನ್ನಾಗಿತ್ತು. ಆಮೇಲೆ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳೋಕೆ ಶುರು, ತಿರುವು ಮುಗಿದ ಮೇಲೆ ತಾನಾಗೇ ವಾಪಸ್ ಬರೋದೂ ನಿಂತಿತು. ಎರಡನೇ ಕಡೆ, ‘ಬಾಕ್ಸೇ ಹೋಗಿದೆ’ ಅಂತ ಸೆಕೆಂಡ್‌ಹ್ಯಾಂಡ್ ಬಾಕ್ಸ್ ಹಾಕಿದ್ರು. 9,500. ಮೂರನೇ ಕಡೆ ಎರಡೂ ಟೈ ರಾಡ್ ಎಂಡ್ ಬದಲಾಯಿಸಿ ಅಲೈನ್‌ಮೆಂಟ್ ಮಾಡಿದ್ರು. 3,200. ಒಟ್ಟು 12,950 ರೂಪಾಯಿ ಖರ್ಚು ಮಾಡಿ ಮಾವ ಸಿನಿಮಾ ಹೀರೋ ಥರಾನೇ ಓಡಿಸ್ತಿದ್ರು.

ಆ ಅಡ್ಜಸ್ಟಿಂಗ್ ಸ್ಕ್ರೂ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಸ್ಟಿಯರಿಂಗ್ ಲೂಸ್ ಅಂದ್ರೆ ಎಲ್ಲರ ಕೈಯೂ ಮೊದಲು ಹೋಗೋದು ಅಲ್ಲಿಗೇ. ಬಾಕ್ಸಿನ ಒಳಗೆ ಎರಡು ಗೇರುಗಳು ಒಂದಕ್ಕೊಂದು ಎಷ್ಟು ಹತ್ತಿರ ಕೂರಬೇಕು ಅಂತ ಈ ಸ್ಕ್ರೂ ನಿರ್ಧರಿಸುತ್ತೆ. ಗಾಡಿ ಹೆಚ್ಚು ಹೊತ್ತು ನೇರ ರಸ್ತೆಯಲ್ಲೇ ಓಡೋದ್ರಿಂದ ಗೇರು ಸವೆಯೋದು ಮಧ್ಯಭಾಗದಲ್ಲಿ. ಸವೆದ ಮಧ್ಯವನ್ನ ಸರಿ ಮಾಡೋಕೆ ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ರೆ, ಸವೆಯದೇ ಇರೋ ಎರಡೂ ಪಕ್ಕದಲ್ಲಿ ಗೇರು ಒಂದಕ್ಕೊಂದು ಒತ್ತಿಕೊಳ್ಳುತ್ತೆ. ತಿರುವಿನಲ್ಲಿ ಬಿಗಿ ಅಂದ್ರೆ ಇದೇ. ಚಕ್ರ ನೇರ ಇಟ್ಟು, ಉಳಿದ ಕೊಂಡಿಗಳೆಲ್ಲಾ ಸರಿ ಇವೆ ಅಂತ ಖಾತ್ರಿ ಆದ ಮೇಲೆ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡೋ ಸ್ಕ್ರೂ ಅದು. ಮೊದಲನೇ ಕೆಲಸ ಅಲ್ಲ, ಕೊನೇ ಕೆಲಸ. ಬೇರೆಲ್ಲೋ ಇರೋ ಸಡಿಲವನ್ನ ಇಲ್ಲಿ ಬಿಗಿ ಮಾಡಿ ಮುಚ್ಚೋದು, ಸೂರು ಸೋರ್ತಿದೆ ಅಂತ ಕೆಳಗೆ ಕೂತವನಿಗೆ ಟೋಪಿ ಹಾಕಿದ ಹಾಗೆ.

ಕೊನೆಗೆ ಆಫೀಸಿನ ಗೆಳೆಯನೊಬ್ಬ ಬನ್ನಿಮಂಟಪದ ಕಡೆ ಒಬ್ಬ ಹಳಬರಿದ್ದಾರೆ ಅಂತ ಹೇಳಿದ. ಒಂದು ಶನಿವಾರ ಮಾವನನ್ನ ಕರ್ಕೊಂಡು ಹೋದೆ. ಆ ಮನುಷ್ಯ ಬಾನೆಟ್ಟಿನ ಹತ್ತಿರ ಹೋಗಲೇ ಇಲ್ಲ. ಮೊದಲು ಟೈರಿಗೆ ಗಾಳಿ ನೋಡಿದ್ರು. ಆಮೇಲೆ ಬಾಳೆಗೊನೆ ಹೇಗೆ ತುಂಬ್ತೀರಿ ಅಂತ ಕೇಳಿದ್ರು. ನನಗೆ ಆಶ್ಚರ್ಯ ಆಯ್ತು. ಲೋಡೆಲ್ಲಾ ಹಿಂದಿನ ಆಕ್ಸಲ್ ದಾಟಿ ಬಾಲದ ಕಡೆ ಬಿದ್ರೆ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟಿಯರಿಂಗ್ ತೇಲಿದ ಹಾಗೆ ಆಗುತ್ತೆ, ಅದನ್ನೂ ಜನ ಲೂಸ್ ಅಂತಲೇ ಕರೀತಾರೆ ಅಂತ ವಿವರಿಸಿದ್ರು. ಚಕ್ರದಲ್ಲಿ ಆಟ ಇರೋದು ಒಂದು, ಗಾಡಿ ದಾರಿ ಬಿಟ್ಟು ಅಲೆಯೋದು ಇನ್ನೊಂದು. ಗಾಳಿ ಹೆಚ್ಚುಕಮ್ಮಿ ಇದ್ರೆ, ಅಲೈನ್‌ಮೆಂಟ್ ಕೆಟ್ಟಿದ್ರೆ, ಸ್ಪ್ರಿಂಗಿನ ಬುಷ್ ಸವೆದಿದ್ರೆ, ಆಕ್ಸಲ್ಲನ್ನ ಸ್ಪ್ರಿಂಗಿಗೆ ಕಟ್ಟೋ ಯೂ ಬೋಲ್ಟ್ ಸಡಿಲ ಇದ್ರೆ ಸ್ಟಿಯರಿಂಗಿನಲ್ಲಿ ಒಂದಿಂಚೂ ಪ್ಲೇ ಇಲ್ಲದೆ ಗಾಡಿ ಅಲೆಯುತ್ತೆ. ಅಲೆಯೋ ಗಾಡಿಗೆ ಟೈ ರಾಡ್ ಹಾಕಿದ್ರೆ ದುಡ್ಡು ದಂಡ.

ಆಮೇಲೆ ಪರೀಕ್ಷೆ. ನೆಲ ಸಮ ಇರೋ ಕಡೆ ಗಾಡಿ ನಿಲ್ಲಿಸಿ, ಚಕ್ರ ನೇರ ಮಾಡಿಸಿದ್ರು. (ಪವರ್ ಸ್ಟಿಯರಿಂಗ್ ಇರೋ ಗಾಡಿ ಆದ್ರೆ ಇಂಜಿನ್ ಆನ್ ಇರಬೇಕಂತೆ, ಇಲ್ದಿದ್ರೆ ಪ್ಲೇ ಜಾಸ್ತಿ ತೋರಿಸುತ್ತೆ.) ಮುಂದಿನ ಚಕ್ರ ಅಲ್ಲಾಡದ ಹಾಗೆ ಸ್ಟಿಯರಿಂಗ್ ಎಷ್ಟು ತಿರುಗುತ್ತೆ ಅಂತ ರಿಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿದ್ರು. ಐದು ಇಂಚು! ನನ್ನನ್ನ ಸೀಟಿನಲ್ಲಿ ಕೂರಿಸಿ, ‘ಜೋರಾಗಿ ಬೇಡ, ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಆಡಿಸ್ತಾ ಇರಿ’ ಅಂದು, ಒಂದು ಗೋಣಿತಾಟು ಹಾಸಿಕೊಂಡು ಗಾಡಿ ಕೆಳಗೆ ಮಲಗಿದ್ರು.

ಅವರು ನೋಡ್ತಿದ್ದ ಸೂತ್ರ ಒಂದೇ. ಒಂದು ಕಡೆಯಿಂದ ಒಳಗೆ ಹೋದ ಚಲನೆ ಇನ್ನೊಂದು ಕಡೆಯಿಂದ ಹೊರಗೆ ಬರ್ತಿದ್ಯಾ? ಕಾಲಮ್ ತಿರುಗಿದ ಕ್ಷಣವೇ ಬಾಕ್ಸಿನೊಳಗೆ ಹೋಗೋ ಶಾಫ್ಟೂ ತಿರುಗಿದ್ರೆ ಅಲ್ಲಿವರೆಗೆ ಸರಿ. ಆ ಶಾಫ್ಟ್ ತಿರುಗಿಯೂ ಪಿಟ್‌ಮನ್ ಆರ್ಮ್ ಸುಮ್ನಿದ್ರೆ ಬಾಕ್ಸಿನೊಳಗೆ ತೊಂದರೆ. ಆರ್ಮ್ ಆಡಿ ಡ್ರ್ಯಾಗ್ ಲಿಂಕ್ ಸುಮ್ನಿದ್ರೆ ನಡುವಿನ ಬಾಲ್ ಜಾಯಿಂಟ್ ಸತ್ತಿದೆ. ಹೀಗೇ ಒಂದೊಂದೇ ಕೊಂಡಿ ಮೇಲೆ ಕೈಯಿಟ್ಟುಕೊಂಡು ಚಕ್ರದ ತನಕ. ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತಂತೆ, ಜಾಯಿಂಟ್ ಮೇಲೆ ಬೆರಳಿಟ್ರೆ ಒಳಗಿನ ‘ಟಕ್’ ಬೆರಳಿಗೆ ಬಡಿಯುತ್ತೆ. ಡೀಬಗ್ ಮಾಡೋರಿಗೆ ಇದು ಹೊಸದೇನಲ್ಲ ಅಲ್ವಾ? ಪ್ರತೀ ಹಂತದಲ್ಲಿ ಇನ್‌ಪುಟ್ ಏನು, ಔಟ್‌ಪುಟ್ ಏನು ಅಂತ ಪ್ರಿಂಟ್ ಹಾಕ್ಕೊಂಡು ಹೋಗ್ತೀವಲ್ಲ, ಅದೇ.

ನಾಲ್ಕನೇ ನಿಮಿಷಕ್ಕೆ ಕೆಳಗಿಂದ ನಗು ಕೇಳಿಸಿತು. ಸೀಟಿನಿಂದ ಇಳಿದು ನಾನೂ ಬಗ್ಗಿ ನೋಡಿದೆ, ನನ್ನ ಜಾಗದಲ್ಲಿ ಮಾವ ಕೂತು ಆಡಿಸಿದ್ರು. ಎರಡು ತಪ್ಪುಗಳು ಬರಿಗಣ್ಣಿಗೆ ಕಾಣ್ತಿದ್ವು. ಪಿಟ್‌ಮನ್ ಆರ್ಮ್ ಸೇರೋ ಕಡೆ ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟ್, ಬೀಳೋ ಹಲ್ಲಿನ ಥರ ಮೇಲೆ ಕೆಳಗೆ ಕುಣೀತಿತ್ತು. ಅದರ ರಬ್ಬರ್ ಕ್ಯಾಪ್ ಹರಿದುಹೋಗಿ ಎಷ್ಟು ಕಾಲವಾಗಿತ್ತೋ, ಒಳಗೆ ಗ್ರೀಸಿನ ಬದಲು ನಮ್ಮೂರಿನ ಮಣ್ಣು ಇತ್ತು. ಎರಡನೇದು ಇನ್ನೂ ಚೆಂದ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಬಾಕ್ಸೇ ಚಾಸಿ ಮೇಲೆ ಅಲುಗಾಡ್ತಿತ್ತು! ಅದನ್ನ ಹಿಡಿದಿರೋ ಬೋಲ್ಟುಗಳಲ್ಲಿ ಒಂದು ಇಲ್ಲವೇ ಇಲ್ಲ, ಉಳಿದವು ಸಡಿಲ. ಮೊದಲನೇದು ರೋಗ, ಎರಡನೇದು ಚಿಕಿತ್ಸೆಯಿಂದ ಬಂದದ್ದು. ಬಾಕ್ಸ್ ಬದಲಾಯಿಸಿದವರು ಬೋಲ್ಟ್ ಸರಿಯಾಗಿ ಬಿಗಿದಿರಲಿಲ್ಲ.

ಅಂದ್ರೆ ಕಿತ್ತು ಗುಜರಿಗೆ ಹಾಕಿದ ಹಳೇ ಬಾಕ್ಸು ನಿರಪರಾಧಿ. ಬದಲಾಯಿಸಿದ ಎರಡು ಟೈ ರಾಡ್ ಎಂಡುಗಳೂ ಬಹುಶಃ ನಿರಪರಾಧಿಗಳೇ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಚಾಸಿಯಲ್ಲಿ ಬೋಲ್ಟ್ ತೂತಿನ ಸುತ್ತ ಬಿರುಕಿದ್ಯಾ ಅಂತ ಬ್ರಶ್ಶಿನಲ್ಲಿ ಉಜ್ಜಿ ಟಾರ್ಚ್ ಹಾಕಿ ನೋಡಿದ್ರು. ಇರಲಿಲ್ಲ. ಅಲ್ಲಿ ಬಿರುಕು ಬಿಟ್ಟಿದ್ದಿದ್ರೆ ಸುಮ್ನೆ ಬೋಲ್ಟ್ ಬಿಗಿದು ಕಳಿಸ್ತಿರಲಿಲ್ಲ, ಗಾಡಿ ಇಲ್ಲೇ ಬಿಟ್ಟು ಬಸ್ಸಲ್ಲಿ ಹೋಗಿ ಅಂತಿದ್ದೆ ಅಂದ್ರು. ಆಮೇಲೆ ಮುಂಭಾಗ ಜ್ಯಾಕ್ ಮೇಲೆತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ರು. (ಬರೀ ಜ್ಯಾಕ್ ನಂಬ್ಕೊಂಡು ಗಾಡಿ ಕೆಳಗೆ ಹೋಗಬೇಡಿ, ದಯವಿಟ್ಟು.) ಚಕ್ರವನ್ನ ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದ್ರು. ಎಡಗಡೆ ಚೂರು ಆಟ. ನನ್ನ ಕೈಲಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿದ್ರು. ಬ್ರೇಕ್ ಒತ್ತಿದಾಗ ಆಟ ಮಾಯ ಆದ್ರೆ ವೀಲ್ ಬೇರಿಂಗು, ಆಗದಿದ್ರೆ ಕಿಂಗ್‌ಪಿನ್ನು. ಮಾಯ ಆಯ್ತು. ಬೇರಿಂಗನ್ನ ತೊಳೆದು, ಗ್ರೀಸ್ ತುಂಬಿ, ಸರಿಯಾಗಿ ಬಿಗಿದು ಕೊಟ್ರು. ಕಿಂಗ್‌ಪಿನ್ ಹೋಗಿದ್ದಿದ್ರೆ ಖರ್ಚು ಬೇರೆ ಲೆಕ್ಕ. ಬುಷ್ಷನ್ನ ಒತ್ತಿ ಕೂರಿಸಿ, ಪಿನ್ನಿನ ಅಳತೆಗೆ ರೀಮ್ ಮಾಡಿಸಬೇಕು. ಅದು ಲೇತಿನವರ ಕೈಚಳಕದ ಕೆಲಸ, ಒಂದು ದಿನ ಬೇಕು.

ಈಗ ಬಿಲ್ಲು. ಡ್ರ್ಯಾಗ್ ಲಿಂಕ್ ಎಂಡ್ 650, ಬೋಲ್ಟು ನಟ್ಟು ಹೊಸ ಸ್ಪ್ಲಿಟ್ ಪಿನ್ನು ಎಲ್ಲಾ ಸೇರಿ 120, ಕೆಲಸದ ಕೂಲಿ 500. ಕೊನೇ ಸಾಲು: ‘ಚೆಕಿಂಗ್ 300’.

‘ನೋಡಿದ್ದಕ್ಕೂ ದುಡ್ಡಾ?’ ಅಂದವನು ಮಾವ ಅಲ್ಲ. ನಾನು.

ಆ ಮನುಷ್ಯ ಕೈ ಒರೆಸಿಕೊಳ್ತಾ ನನ್ನ ಮುಖ ನೋಡಿದ್ರು, ಏನೂ ಮಾತಾಡಲಿಲ್ಲ. ಮಾವ ಜೇಬಿಂದ ತೆಗೆದು ಕೊಟ್ರು. 1,570 ರೂಪಾಯಿ. ವಾಪಸ್ ಬರೋವಾಗ ಇರ್ವಿನ್ ರೋಡಿನ ಸಿಗ್ನಲ್ಲಿನಲ್ಲಿ ನನಗೆ ನಾಚಿಕೆ ಆಗೋಕೆ ಶುರುವಾಯ್ತು, ಇನ್ನೂ ಪೂರ್ತಿ ನಿಂತಿಲ್ಲ. ಯಾಕೆ ಗೊತ್ತಾ? ನಾನು ಹೊಟ್ಟೆ ಹೊರೆಯೋದೇ ನೋಡಿದ್ದಕ್ಕೆ ದುಡ್ಡು ತಗೊಂಡು. ಅಮೆರಿಕದಲ್ಲಿರೋ ಯಾರದೋ ಸಿಸ್ಟಮ್ ನಿಂತ್ರೆ ನಾವು ನಾಲ್ಕು ಜನ ಕಾಲ್‌ನಲ್ಲಿ ಕೂತು ‘ರೂಟ್ ಕಾಸ್ ಅನಾಲಿಸಿಸ್’ ಮಾಡ್ತೀವಿ. ಐದು ಸಲ ‘ಯಾಕೆ’ ಅಂತ ಕೇಳ್ಕೋತೀವಿ. ಕೊನೆಗೆ ಬದಲಾಯಿಸೋದು ಒಂದೇ ಸಾಲು. ಬಿಲ್ ಆಗೋದು ಆ ಒಂದು ಸಾಲಿಗಲ್ಲ, ಕೂತ ಗಂಟೆಗಳಿಗೆ. ಗಾಡಿ ಕೆಳಗೆ ಗೋಣಿತಾಟಿನ ಮೇಲೆ ಮಲಗಿ ಅದೇ ಕೆಲಸ ಮಾಡಿದವರಿಗೆ 300 ರೂಪಾಯಿ ಜಾಸ್ತಿ ಆಯ್ತು ನನಗೆ.

ಸ್ವಲ್ಪ ಯೋಚನೆ ಮಾಡಿ, ಇದರಿಂದ ಗ್ಯಾರೇಜಿನವರು ಏನು ಪಾಠ ಕಲೀತಾರೆ? ಪತ್ತೆ ಹಚ್ಚಿದ್ರೆ ಜನ ಜಗಳ ಆಡ್ತಾರೆ, ಪಾರ್ಟ್ ಹಾಕಿದ್ರೆ ಸುಮ್ನೆ ಕೊಡ್ತಾರೆ. 9,500ರ ಬಾಕ್ಸಿಗೆ ಮಾವ ಚೌಕಾಸಿ ಮಾಡಿರಲಿಲ್ಲ, ಯಾಕಂದ್ರೆ ಅದು ಕೈಗೆ ಸಿಗೋ ಕಬ್ಬಿಣ. ಹಾಗಿದ್ಮೇಲೆ ಗ್ಯಾರೇಜಿನವನು ಯಾಕೆ ಮಣ್ಣಲ್ಲಿ ಮಲಗಬೇಕು? ಊಹೆ ಮಾಡಿ ಪಾರ್ಟ್ ಹಾಕ್ತಾನೆ. ಊಹೆ ತಪ್ಪಾದ್ರೆ ಇನ್ನೊಂದು ಪಾರ್ಟ್. ಎಲ್ಲ ಮೆಕ್ಯಾನಿಕ್ಕುಗಳೂ ಮೋಸಗಾರರು ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೆಯೋದು ಸುಲಭ. ಬೋಲ್ಟ್ ಬಿಗಿಯದೆ ಕಳಿಸಿದವನನ್ನ ನಾನು ಸಮರ್ಥಿಸಲ್ಲ, ಅದು ಕೊಲೆಗೆ ಹತ್ತಿರದ ನಿರ್ಲಕ್ಷ್ಯ. ಆದ್ರೆ ಊಹೆಗೆ ಸಂಬಳ ಕೊಟ್ಟು ಪತ್ತೆಗೆ ಕೊಡದೆ ಇರೋ ವ್ಯವಸ್ಥೆ ಕಟ್ಟಿದ್ದು ಗಿರಾಕಿಗಳಾದ ನಾವೇ.

ಕಾನೂನು ಏನನ್ನುತ್ತೆ ಅಂತಲೂ ನೋಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ಸ್ಟಿಯರಿಂಗಿನದ್ದು. ಸ್ಟಿಯರಿಂಗಿನ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು ಪಿನ್ನುಗಳು ಕಳಚದ ಹಾಗೆ ಲಾಕ್ ಆಗಿರಬೇಕು. ಹರಿದ ಕ್ಯಾಪು, ಇಲ್ಲದ ಬೋಲ್ಟು, ಮಾವನ ಗಾಡಿಯ ಜಾತಕ ಬರೆದಿಟ್ಟ ಹಾಗಿದೆ. 30 ಡಿಗ್ರಿ ಅಂದ್ರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋದಷ್ಟು. ನಲವತ್ತು ಸೆಂಟಿಮೀಟರ್ ಅಗಲದ ಸ್ಟಿಯರಿಂಗಾದ್ರೆ ರಿಮ್ಮಿನ ಮೇಲೆ ನಾಲ್ಕಿಂಚು. ನನ್ನ ಪ್ರಕಾರ ಇದು ತೀರಾ ಧಾರಾಳ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಮೀಟರಿಗಿಂತ ಜಾಸ್ತಿ ಓಡುತ್ತೆ, ನಿಮ್ಮ ಕೈ ಆ ನಾಲ್ಕಿಂಚು ದಾಟೋ ಹೊತ್ತಿಗೆ ಎಷ್ಟು ದೂರ ಹೋಗಿರುತ್ತೆ ಅಂತ ಲೆಕ್ಕ ಹಾಕಿ. ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ಪ್ರತೀ ವರ್ಷ ಎಫ್‌ಸಿ ಆಗಲೇಬೇಕು, ಮಾವನದ್ದೂ ಆಗಿತ್ತು. ಆದ್ರೆ ಜಾಯಿಂಟು ಸವೆಯೋದು ಉಳಿದ 364 ದಿನಗಳಲ್ಲಿ. ಆ ದಿನಗಳಲ್ಲಿ ನೋಡಬೇಕಾದೋರು ಓನರು, ಇಲ್ಲಾ ಓನರಿನ ಓದಿದ ಅಳಿಯ.

‘ಇಷ್ಟೆಲ್ಲಾ ಯಾಕೆ, ಸ್ಕ್ರ್ಯಾಪ್‌ಗೆ ಹಾಕಿ ಹೊಸದು ತಗೊಳ್ಳಿ’ ಅಂತ ಸಲಹೆ ಕೊಡೋರು ಆಫೀಸಿನಲ್ಲಿ ತುಂಬಾ ಜನ. ಚಾಸಿ ತುಕ್ಕು ಹಿಡಿದು ಪುಡಿಯಾಗಿದ್ರೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ 650 ರೂಪಾಯಿಯ ಜಾಯಿಂಟಿಗೆ ಲಕ್ಷಗಳ ಇಎಂಐ ಪರಿಹಾರ ಅನ್ನೋರು ಬಾಳೆಕಾಯಿ ರೇಟ್ ಬಿದ್ದ ವಾರ ಬಂಡಿಪಾಳ್ಯದಲ್ಲಿ ಒಂದು ಬೆಳಗ್ಗೆ ನಿಂತು ನೋಡ್ಲಿ.

ಇನ್ನೊಂದು ವಿಷಯ ನನ್ನನ್ನ ಕಾಡುತ್ತೆ. ಹಳೇ ಯಂತ್ರವನ್ನ ಹೇಗೆ ಉಳಿಸ್ಕೋಬೇಕು ಅಂತ ಮೈಸೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಇವತ್ತಿಗೂ ಜುಲೈ ತಿಂಗಳ ಜಾವಾ ದಿನ ಬಂದ್ರೆ ಊರಿನ ರಸ್ತೆಗಳಲ್ಲಿ ಮಿರಮಿರ ಮಿಂಚೋ ಜಾವಾ, ಯೆಜ್ಡಿಗಳ ಸಾಲು. ಶ್ರೀರಂಗಪಟ್ಟಣದ ಹತ್ತಿರ ಹಳೇ ಕಾರುಗಳಿಗೆ ‘ಪಯಣ’ ಅಂತ ಮ್ಯೂಸಿಯಮ್ಮೇ ಇದೆ. ಖುಷಿ ವಿಷಯ, ನಾನೂ ಹೋಗಿ ಫೋಟೋ ತೆಗೆಸಿಕೊಂಡಿದ್ದೀನಿ. ಆದ್ರೆ ಅಂಥ ಬೈಕಿನ ಒಂದು ಒರಿಜಿನಲ್ ಬಿಡಿಭಾಗಕ್ಕೆ ಆರು ತಿಂಗಳು ಹುಡುಕೋ ನನ್ನ ಗೆಳೆಯರೇ, ಲೋಡು ಹೊರೋ ಗಾಡಿ ವಿಷಯ ಬಂದ್ರೆ ‘ಹಂಗೇ ಇರುತ್ತೆ’ ಅಂತಾರೆ. ಭಾನುವಾರ ಓಡಿಸೋ ಹಳೇ ಗಾಡಿಗೆ ವಿಂಟೇಜ್ ಅಂತ ಹೆಸರು, ದಿನಾ ದುಡಿಯೋ ಹಳೇ ಗಾಡಿಗೆ ಡಬ್ಬ ಅಂತ. ಆ ಡಬ್ಬದೊಳಗೆ ಕೂತಿರೋರು ನನ್ನ ಮಾವ, ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗ್ತಿರೋರು ನೀವು.

ಆಯುಧಪೂಜೆ ದಿನವಂತೂ ಕೇಳಲೇಬೇಡಿ. ಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ನಿಂಬೆಹಣ್ಣು ಇಡೋಕೆ ಹೇಗೂ ಬಗ್ಗಿರ್ತೀವಲ್ಲ. ತಲೆ ಇನ್ನೊಂದು ಅರ್ಧ ಅಡಿ ಒಳಗೆ ಹಾಕಿದ್ರೆ ಟೈ ರಾಡ್ ಎಂಡು ಕಣ್ಣೆದುರಿಗೇ ಇರುತ್ತೆ. ರಬ್ಬರ್ ಹರಿದಿದ್ಯಾ, ಸ್ಪ್ಲಿಟ್ ಪಿನ್ ಇದ್ಯಾ ಅಥವಾ ಅದರ ಜಾಗದಲ್ಲಿ ಯಾರಾದ್ರೂ ಕಟ್ಟುಕಂಬಿ ಸುತ್ತಿದ್ದಾರಾ ಅಂತ ನೋಡೋಕೆ ಒಂದು ನಿಮಿಷ ಸಾಕು. ನನ್ನ ಮಾತು ಪೂಜೆ ಬೇಡ ಅಂತಲ್ಲ, ನಾನೂ ಕುಂಬಳಕಾಯಿ ಒಡೆಯೋನೇ.

ನಿಮ್ಮಲ್ಲಿ ಹೆಚ್ಚಿನವರ ಹತ್ರ ಪಿಕಪ್ ಇರಲ್ಲ, ಗೊತ್ತು. ನಿಮ್ಮ ಕಾರಿನಲ್ಲಿ ರ‍್ಯಾಕ್ ಸ್ಟಿಯರಿಂಗು, ಏನಾದ್ರೂ ಆದ್ರೆ ಲೈಟ್ ಹತ್ತುತ್ತೆ, ಸ್ಕ್ಯಾನರ್ ಹಾಕ್ತಾರೆ. ಮಾವನ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚೋಕೆ ಪೋರ್ಟೇ ಇಲ್ಲ, ಅಲ್ಲಿರೋ ಸ್ಕ್ಯಾನರು ಒಬ್ಬ ಹಳಬರ ಬೆರಳು. ಆದ್ರೆ ನಿಮ್ಮೂರಲ್ಲೂ ಒಬ್ಬ ಅಪ್ಪನೋ ಚಿಕ್ಕಪ್ಪನೋ ಇಂಥದ್ದೊಂದು ಗಾಡಿ ಓಡಿಸ್ತಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಹತ್ತು ನಿಮಿಷ ಅವರನ್ನ ಸೀಟಿನಲ್ಲಿ ಕೂರಿಸಿ, ನೀವು ಗಾಡಿ ಕೆಳಗೆ ಹೋಗಿ. ಬಟ್ಟೆ ಕೊಳೆಯಾಗುತ್ತೆ. ಗ್ರೀಸ್ ಗನ್ ಸಿಕ್ರೆ ಕಿಂಗ್‌ಪಿನ್ನಿನ ನಿಪ್ಪಲ್ಲುಗಳಿಗೆ ಹಳೇ ಗ್ರೀಸು ಹೊರಗೆ ಬರೋ ತನಕ ಹೊಡೀರಿ. ಏನಾದ್ರೂ ಕುಣೀತಿರೋದು ಕಂಡ್ರೆ ವೀಡಿಯೋ ಮಾಡ್ಕೊಳ್ಳಿ. ಗ್ಯಾರೇಜಿಗೆ ಹೋದಾಗ ‘ಸ್ಟಿಯರಿಂಗ್ ಲೂಸ್ ಇದೆ, ಟೈಟ್ ಮಾಡಿ’ ಅನ್ನಬೇಡಿ. ‘ಎಲ್ಲಿ ಲೂಸ್ ಇದೆ ಅಂತ ನೋಡಿ ನಮಗೆ ತೋರಿಸಿ, ನೋಡಿದ್ದಕ್ಕೆ ಎಷ್ಟಾಗುತ್ತೋ ಕೊಡ್ತೀವಿ’ ಅನ್ನಿ. ಈ ವಾಕ್ಯ ಕೇಳಿದ ಮೆಕ್ಯಾನಿಕ್ಕಿನ ಮುಖ ನೋಡಬೇಕು ನೀವು.

ನಾನು ಆಮೇಲೊಂದು ದಿನ ಬನ್ನಿಮಂಟಪಕ್ಕೆ ಒಬ್ಬನೇ ಹೋಗಿದ್ದೆ. ಮಾವನ ಗಾಡಿಯಲ್ಲಿ ಇನ್ನೂ ಎರಡು ಬೆರಳಗಲ ಪ್ಲೇ ಉಳಿದಿದೆ, ಸ್ಕ್ರೂ ಬಿಗಿ ಮಾಡ್ಬಹುದಾ ಅಂತ ಕೇಳೋ ನೆಪ. ಇನ್ನೊಂದು ಕೆಲಸವೂ ಇತ್ತು, ಅದನ್ನ ಹೇಗೆ ಶುರು ಮಾಡೋದು ಗೊತ್ತಾಗದೆ ಟೀ ತರಿಸಿದೆ. ಅವರು ಯಾವುದೋ ಟೆಂಪೋ ಕೆಳಗಿಂದಲೇ ಮಾತಾಡಿದ್ರು. ‘ಅದು ಬಾಕ್ಸಿಂದು. ಹಳೇ ಬಾಕ್ಸಿಗೆ ಅಷ್ಟು ಇರಬೇಕು. ಅದರ ಸ್ಕ್ರೂನ ಯಾರೋ ಜಾಸ್ತಿ ಬಿಗಿದಿದ್ರು, ನಾನೇ ಅವತ್ತು ಚೂರು ಬಿಟ್ಟಿದ್ದು. ಯಾರಿಗೂ ಮುಟ್ಟೋಕೆ ಬಿಡಬೇಡಿ.’ ಆಮೇಲೆ ಕೈ ಮಾತ್ರ ಹೊರಗೆ ಚಾಚಿದ್ರು. ನಾನು ದುಡ್ಡು ತೆಗೆಯೋಕೆ ಹೋದೆ. ಅವರು ಕೇಳಿದ್ದು ಹದಿನೇಳನೇ ನಂಬರಿನ ಸ್ಪ್ಯಾನರು.